ಅಗಸೆ ಬೆರೆಸಿದ ಶೇಂಗಾ ಎಣ್ಣೆ: ಕಮಟು ಬರದಂತೆ ಕಾಯುವುದು ಹೇಗೆ?

ಕ್ರಿಕೆಟ್ ಬ್ಯಾಟಿಗೆ ಸವರುವ ಎಣ್ಣೆ ಯಾವುದೆಂದು ಆಡುವ ಹುಡುಗರನ್ನು ಕೇಳಿದರೆ ಥಟ್ಟನೆ ‘ಲಿನ್‌ಸೀಡ್ ಆಯಿಲ್’ ಎನ್ನುತ್ತಾರೆ. ಅದೇ ನಮ್ಮ ಅಗಸೆ ಎಣ್ಣೆ. ತೆಳ್ಳಗೆ ಸವರಿ ಗಾಳಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಒಣಗಿ, ಮರದ ಮೇಲೆ ಗಟ್ಟಿ ಪದರವಾಗಿ ಕೂರುತ್ತದೆ. ಪೇಂಟು, ವಾರ್ನಿಷ್, ಕಿಟಕಿ ಗಾಜಿಗೆ ಮೆತ್ತುವ ಪುಟ್ಟಿ ಎಲ್ಲದಕ್ಕೂ ಇದು ಬೇಕಾಗುವುದು ಈ ಗುಣಕ್ಕಾಗಿಯೇ. ಆದರೆ ಈ ಒಣಗುವಿಕೆ ಒದ್ದೆ ಬಟ್ಟೆ ಆರಿದಂತಲ್ಲ. ಎಣ್ಣೆಯಿಂದ ಏನೂ ಆವಿಯಾಗಿ ಹೋಗಬೇಕಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಒಮೆಗಾ-3 ಬೇಕೆಂದು ಅಡುಗೆ ಎಣ್ಣೆಗೆ ಅಗಸೆ ಎಣ್ಣೆ ಬೆರೆಸುವಾಗ ನಾವು ಬೆರೆಸುತ್ತಿರುವುದು ಈ ಗುಣವನ್ನೇ. ಬ್ಯಾಟಿನ ಮೇಲೆ ಒಳ್ಳೆಯದಾದದ್ದು ಬಾಟಲಿಯೊಳಗೆ ಕೆಟ್ಟದ್ದು. ಗಾಣದ ಎಣ್ಣೆ ಮಾಡುವವರೂ ಮನೆಯಲ್ಲೇ ಬೆರೆಸಿಕೊಳ್ಳುವವರೂ ‘ಎಷ್ಟು ಬೆರೆಸಬೇಕು’ ಎಂದು ಮೊದಲು ಕೇಳುತ್ತಾರೆ. ಬೆರೆಸಿದ್ದು ಎಷ್ಟು ದಿನ ನಿಂತೀತು ಎಂಬುದನ್ನು ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕು. ಏಕೆಂದರೆ ಕಮಟಾದ ಒಮೆಗಾ-3 ಅಂದರೆ ಒಮೆಗಾ-3 ಅಲ್ಲವೇ ಅಲ್ಲ. ದುಡ್ಡು ಕೊಟ್ಟು ತಂದ ಕೊಬ್ಬಿನಾಮ್ಲ ಒಡೆದು ಬೇರೆ ಏನೇನೋ ಆಗಿರುತ್ತದೆ.

ಒಡೆಯುವುದು ಎಲ್ಲಿ ಎಂದು ನೋಡೋಣ. ಕೊಬ್ಬಿನಾಮ್ಲವೆಂದರೆ ಇಂಗಾಲದ ಉದ್ದನೆಯ ಸರಪಳಿ. ಒಲೀಯಿಕ್ ಆಮ್ಲದಲ್ಲಿ ಒಂದು ಜೋಡಿಬಂಧ, ಒಮೆಗಾ-6 ಆದ ಲಿನೋಲೀಯಿಕ್‌ನಲ್ಲಿ ಎರಡು, ಅಗಸೆಯ ಒಮೆಗಾ-3 ಆದ ಆಲ್ಫಾ ಲಿನೋಲೆನಿಕ್‌ನಲ್ಲಿ ಮೂರು. ದುರ್ಬಲವಾಗಿರುವುದು ಜೋಡಿಬಂಧವಲ್ಲ, ಎರಡು ಜೋಡಿಬಂಧಗಳ ನಡುವೆ ಸಿಕ್ಕಿಕೊಂಡಿರುವ ಇಂಗಾಲ. ಅದರ ಹೈಡ್ರೋಜನ್ ಬಲು ಸುಲಭವಾಗಿ ಕಿತ್ತು ಬರುತ್ತದೆ. ಕಿತ್ತ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ, ಹಾಗೆ ಕೂತದ್ದು ಪಕ್ಕದ ಅಣುವಿನ ಹೈಡ್ರೋಜನ್ ಕೀಳುತ್ತದೆ. ಸರಪಟಾಕಿಯ ಹಾಗೆ ಒಂದರಿಂದ ಇನ್ನೊಂದಕ್ಕೆ ಹತ್ತುತ್ತಾ ಹೋಗುತ್ತದೆ. ಇಂಥ ದುರ್ಬಲ ಜಾಗ ಒಲೀಯಿಕ್‌ನಲ್ಲಿ ಇಲ್ಲ, ಲಿನೋಲೀಯಿಕ್‌ನಲ್ಲಿ ಒಂದು, ಲಿನೋಲೆನಿಕ್‌ನಲ್ಲಿ ಎರಡು.

ಎಣ್ಣೆ ರಸಾಯನದವರು ಇದನ್ನೇ ಅಂಕಿಗೆ ಇಳಿಸಿ ‘ಕಾಕ್ಸ್ ಮೌಲ್ಯ’ ಎಂಬ ಲೆಕ್ಕ ಮಾಡಿಟ್ಟಿದ್ದಾರೆ. ಒಲೀಯಿಕ್‌ನ ಶೇಕಡಾವಾರನ್ನು 1ರಿಂದ, ಲಿನೋಲೀಯಿಕ್‌ನದನ್ನು 10.3ರಿಂದ, ಲಿನೋಲೆನಿಕ್‌ನದನ್ನು 21.6ರಿಂದ ಗುಣಿಸಿ, ಮೂರನ್ನೂ ಕೂಡಿ 100ರಿಂದ ಭಾಗಿಸಬೇಕು. ಅಂಕಿ ದೊಡ್ಡದಾದಷ್ಟೂ ಎಣ್ಣೆ ಬೇಗ ಕೆಡುತ್ತದೆ. ಒಲೀಯಿಕ್ 20, ಲಿನೋಲೀಯಿಕ್ 15, ಲಿನೋಲೆನಿಕ್ 55 ಇರುವ ಅಗಸೆ ಎಣ್ಣೆಗೆ ಇದು 13.6 ಬರುತ್ತದೆ. ಸಾಮಾನ್ಯ ಸೂರ್ಯಕಾಂತಿಗೆ 6.5, ಎಳ್ಳೆಣ್ಣೆಗೆ 4.8, ಒಲೀಯಿಕ್ 48, ಲಿನೋಲೀಯಿಕ್ 30 ಇರುವ ಶೇಂಗಾ ಎಣ್ಣೆಗೆ 3.6. ಕೊಬ್ಬರಿ ಎಣ್ಣೆಗೆ 0.3 ಕೂಡ ಮುಟ್ಟುವುದಿಲ್ಲ.

ಈಗ ಬೆರೆಸಿ ನೋಡಿ. 20 ಪಾಲು ಅಗಸೆ, 80 ಪಾಲು ಶೇಂಗಾ: ಒಮೆಗಾ-3 ಶೇ. 11, ಒಮೆಗಾ-6 ಶೇ. 27, ಕಾಕ್ಸ್ ಮೌಲ್ಯ 5.6. ಊಟದ ಒಂದು ದೊಡ್ಡ ಚಮಚ, ಅಂದರೆ 14 ಗ್ರಾಂ ಎಣ್ಣೆಯಲ್ಲಿ ಒಂದೂವರೆ ಗ್ರಾಂ ಒಮೆಗಾ-3 ಸಿಗುತ್ತದೆ. ಅದೇ 20 ಪಾಲನ್ನು ಸೂರ್ಯಕಾಂತಿಗೆ ಬೆರೆಸಿದರೆ ಕಾಕ್ಸ್ ಮೌಲ್ಯ 8 ಸಮೀಪಿಸುತ್ತದೆ, ಒಮೆಗಾ-6 ಕೂಡ 50 ದಾಟುತ್ತದೆ. ಸೂರ್ಯಕಾಂತಿ, ಕುಸುಬಿ, ಗುರೆಳ್ಳು ಈ ಮೂರರ ಸಾಮಾನ್ಯ ತಳಿಗಳಲ್ಲೂ ಲಿನೋಲೀಯಿಕ್ಕೇ ಹೆಚ್ಚು. ಅವುಗಳಿಗೆ ಅಗಸೆ ಬೆರೆಸುವುದು ನನಗೆ ಸರಿ ಕಾಣುವುದಿಲ್ಲ. ಬೇಗ ಕೆಡುವುದಕ್ಕೆ ಇನ್ನೂ ಬೇಗ ಕೆಡುವುದನ್ನು ಜೋಡಿಸಿದಂತೆ.

ತಳಪಾಯದ ಎಣ್ಣೆಯಾಗಿ ನನ್ನ ಆಯ್ಕೆ ಹೆಚ್ಚು ಒಲೀಯಿಕ್ ಇರುವ ಶೇಂಗಾ. ಜುನಾಗಢದ ಕಡಲೆಕಾಯಿ ಸಂಶೋಧನಾ ನಿರ್ದೇಶನಾಲಯವೂ ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯೂ ಸೇರಿ ತಂದ ಗಿರ್ನಾರ್-4 ಮತ್ತು ಗಿರ್ನಾರ್-5 ತಳಿಗಳು 2020ರಲ್ಲಿ ನಮ್ಮ ರೈತರಿಗೆ ಬಿಡುಗಡೆಯಾದವು. ಇವುಗಳ ಎಣ್ಣೆಯಲ್ಲಿ ಒಲೀಯಿಕ್ ಶೇ. 80ರ ಆಸುಪಾಸು, ಲಿನೋಲೀಯಿಕ್ ಬಹಳ ಕಡಿಮೆ. ಲಿನೋಲೀಯಿಕ್ 5 ಎಂದಿಟ್ಟುಕೊಂಡರೆ ಕಾಕ್ಸ್ ಮೌಲ್ಯ ಬರೀ 1.3. ಅದಕ್ಕೆ 20 ಪಾಲು ಅಗಸೆ ಸೇರಿಸಿದರೂ 3.8. ಅಂದರೆ ಶೇ. 11 ಒಮೆಗಾ-3 ಹೊತ್ತಿರುವ ಎಣ್ಣೆ, ಏನೂ ಬೆರೆಸದ ಮಾಮೂಲಿ ಶೇಂಗಾ ಎಣ್ಣೆಯ ಹತ್ತಿರ ಹತ್ತಿರವೇ ನಿಲ್ಲುತ್ತದೆ, ಕನಿಷ್ಠ ಕಾಗದದ ಮೇಲೆ. ಒಂದು ಎಚ್ಚರಿಕೆ: ಕಾಳು ನೋಡಿ ಯಾವ ತಳಿಯೆಂದು ಹೇಳಲಾಗದು. ಕಣದಲ್ಲೋ ಗೋದಾಮಿನಲ್ಲೋ ಅರ್ಧಕ್ಕರ್ಧ ಮಾಮೂಲಿ ಶೇಂಗಾ ಬೆರೆತರೆ ಒಲೀಯಿಕ್ 80ರಿಂದ 64ಕ್ಕೆ ಇಳಿಯುತ್ತದೆ. ಆದ್ದರಿಂದ ಪ್ರತಿ ಲಾಟಿಗೂ ಕೊಬ್ಬಿನಾಮ್ಲದ ಪರೀಕ್ಷೆ ಮಾಡಿಸಿಯೇ ಕೊಳ್ಳಬೇಕು.

ಕಾಗದದ ಮೇಲೆ ಎಂದೆ. ಕಾಕ್ಸ್ ಲೆಕ್ಕಕ್ಕೆ ಕೊಬ್ಬಿನಾಮ್ಲ ಬಿಟ್ಟು ಬೇರೇನೂ ಕಾಣುವುದಿಲ್ಲ. ಎಳ್ಳೆಣ್ಣೆಯ ಅಂಕಿ ಶೇಂಗಾಕ್ಕಿಂತ ಹೆಚ್ಚಿದ್ದರೂ ಕಪಾಟಿನಲ್ಲಿ ಅದು ಗಟ್ಟಿಗ, ಸೆಸಮೋಲ್ ಮತ್ತು ಅದರ ಬಳಗದ ದಯೆಯಿಂದ. ಎಳ್ಳು ಹುರಿದಾಗ ಅದರಲ್ಲಿರುವ ಸೆಸಮೋಲಿನ್ ಒಡೆದು ಸೆಸಮೋಲ್ ಆಗುತ್ತದೆ, ಇದು ಬಲು ಚುರುಕಾದ ಉತ್ಕರ್ಷಣರೋಧಕ, ಅಂದರೆ ಆಮ್ಲಜನಕ ಸೇರಿ ಎಣ್ಣೆ ಕೆಡುವುದನ್ನು ತಡೆಯುವ ವಸ್ತು. ಇದಕ್ಕೆ ಉಲ್ಟಾ, ಸರಿಯಾದ ಅಂಕಿಯ ಎಣ್ಣೆಯೂ ಕಬ್ಬಿಣ, ತಾಮ್ರ, ಬಿಸಿಲು ತಾಗಿದರೆ ವಾರದಲ್ಲಿ ಕೆಡಬಹುದು. ಗಾಣದ ಮನೆಯಲ್ಲಿ ನಡೆಯುವ ಎಡವಟ್ಟು ಬಹುಪಾಲು ಇಲ್ಲೇ.

ಕಾಳಿನಿಂದ ಶುರು ಮಾಡೋಣ. ಇಡೀ ಅಗಸೆ ಕಾಳಿನೊಳಗೆ ಎಣ್ಣೆ ಭದ್ರವಾಗಿರುತ್ತದೆ. ಕಾಳು ಒಡೆದ ಗಳಿಗೆಯಿಂದಲೇ ಗಾಳಿಯೂ ಕಾಳಿನದೇ ಕಿಣ್ವಗಳೂ ಕೆಲಸ ಹಚ್ಚಿಕೊಳ್ಳುತ್ತವೆ. ಹಾಗಾಗಿ ಒಡಕು ಕಾಳು, ಹಸಿರು ಎಳೆಗಾಳು ಎರಡನ್ನೂ ಜರಡಿ ಹಿಡಿದು, ಆರಿಸಿ ತೆಗೆಯಬೇಕು. ಎಳೆಗಾಳು ಬೇಡ ಅನ್ನುವುದಕ್ಕೆ ಕಾರಣ ಅದರ ಪತ್ರಹರಿತ್ತು, ಅದರ ಮಾತು ಮುಂದೆ ಬರುತ್ತದೆ. ಅರೆಯುವಾಗ ಕಾಳಿನ ತೇವ ಶೇ. 7ರಿಂದ 8 ಇರಲಿ. ಶೇಂಗಾಕ್ಕೆ, ಎಳ್ಳಿಗೆ ಗಾಣದಲ್ಲಿ ನೀರು ಚಿಮುಕಿಸುವ ರೂಢಿಯನ್ನು ಅಗಸೆಗೂ ತಂದರೆ ಸಿಪ್ಪೆಯ ಲೋಳೆ ಬಿಟ್ಟುಕೊಂಡು ಹಿಂಡಿ ಅಂಟಂಟಾಗುತ್ತದೆ, ಎಣ್ಣೆ ಬಿಡುವುದಿಲ್ಲ, ಬಿಟ್ಟ ಎಣ್ಣೆಯೂ ತೇವ ಹೊತ್ತು ಬರುತ್ತದೆ. ಹೊರಬರುವ ಎಣ್ಣೆಯ ಬಿಸಿ 50 ಡಿಗ್ರಿ ದಾಟದಂತೆ ಗಾಣದ ವೇಗ ಇಟ್ಟುಕೊಳ್ಳಿ.

ಆಮೇಲೆ ಬರುವುದು ಬಿಸಿಲು. ಹಿಂಡಿದ ಎಣ್ಣೆಯನ್ನು ಅಗಲ ಪಾತ್ರೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಎರಡು ಮೂರು ದಿನ ಬಿಸಿಲಿಗಿಟ್ಟು ಗಸಿ ಇಳಿಸುವ ಪದ್ಧತಿ ಎಷ್ಟೋ ಗಾಣಗಳಲ್ಲಿದೆ. ಕೊಬ್ಬರಿ ಎಣ್ಣೆಯಂಥದ್ದು ಇದನ್ನು ತಡೆದೀತು. ಅಗಸೆಗೆ ಮಾತ್ರ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಎಣ್ಣೆಯಲ್ಲಿ ಉಳಿದ ಪತ್ರಹರಿತ್ತು ಬೆಳಕನ್ನು ಹೀರಿ ಆ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸುತ್ತದೆ. ಹೀಗೆ ಕೆರಳಿದ ಆಮ್ಲಜನಕಕ್ಕೆ ‘ಸಿಂಗ್ಲೆಟ್’ ಎಂದು ಹೆಸರು. ಲಿನೋಲೀಯಿಕ್ ಜೊತೆ ಇದು ವರ್ತಿಸುವ ವೇಗ ಮಾಮೂಲಿ ಆಮ್ಲಜನಕದ ಸಾವಿರಕ್ಕೂ ಹೆಚ್ಚು ಪಟ್ಟು. ಅದು ಸರಪಟಾಕಿಗೆ ಕಿಡಿ ತಾಗಲೆಂದು ಕಾಯುವುದೂ ಇಲ್ಲ, ನೇರವಾಗಿ ಜೋಡಿಬಂಧಕ್ಕೇ ಹೋಗಿ ಕೂರುತ್ತದೆ. ಆದ್ದರಿಂದ ಅಗಸೆ ಎಣ್ಣೆಯನ್ನು ಕತ್ತಲೆಯ ತಂಪು ಕೋಣೆಯಲ್ಲಿ, ಬಾಯಿ ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ, ಕಂಠದ ತನಕ ತುಂಬಿಟ್ಟು ಒಂದೆರಡು ದಿನ ತಿಳಿಯಾಗಲು ಬಿಡಿ. ಮೇಲಿನ ತಿಳಿ ಬಸಿದು, ಒತ್ತಾದ ಹತ್ತಿಬಟ್ಟೆಯಲ್ಲೋ ಫಿಲ್ಟರ್ ಪ್ರೆಸ್ಸಿನಲ್ಲೋ ಸೋಸಿ. ತಳದ ಗಸಿಯಲ್ಲಿ ನೀರೂ ಇರುತ್ತದೆ, ಕಬ್ಬಿಣದ ಅಂಶವೂ ಇರುತ್ತದೆ. ‘ಸೋಸದ ಎಣ್ಣೆ ಶುದ್ಧ’ ಎಂದು ಗಸಿ ಸಮೇತ ಮಾರುವುದನ್ನು ಅಗಸೆಯ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಇಲ್ಲೊಂದು ಅಪಾಯದ ಮಾತು ಹೇಳಲೇಬೇಕು. ಅಗಸೆ ಎಣ್ಣೆ ಸೋಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ, ಬಟ್ಟೆಯ ಮಡಿಕೆಯೊಳಗಿನ ಬಿಸಿಗೆ ಹೊರಹೋಗಲು ದಾರಿ ಇಲ್ಲ, ಬಿಸಿ ಏರಿದಷ್ಟೂ ಹೀರುವ ವೇಗ ಹೆಚ್ಚುತ್ತದೆ. ಕೆಲವು ಗಂಟೆಗಳಲ್ಲಿ ತನ್ನಷ್ಟಕ್ಕೆ ಬೆಂಕಿ ಹತ್ತಿಕೊಳ್ಳಬಹುದು. ಕೂಡಲೇ ಸೋಪಿನ ನೀರಿನಲ್ಲಿ ಮುಳುಗಿಸಿ, ಇಲ್ಲವೇ ಹೊರಗೆ ಹರವಿ ಒಣಹಾಕಿ.

ಪಾತ್ರೆಯ ವಿಚಾರಕ್ಕೆ ಬಂದರೆ ಸ್ಟೀಲ್ ಅಥವಾ ಗಾಜು, ಇಷ್ಟೇ. ತಾಮ್ರ, ಹಿತ್ತಾಳೆ, ತುಕ್ಕು ಹಿಡಿದ ಕಬ್ಬಿಣ ಬೇಡ. ಕೊಳವೆಯ ನಡುವೆ ಒಂದು ಹಿತ್ತಾಳೆ ನಲ್ಲಿ ಇದ್ದರೂ ಸಾಕು ಕೆಡಿಸಲು. ನೇರವಾಗಿ ಹಿಂಡಿದ ಎಣ್ಣೆಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಕೊಟ್ಟಿರುವ ಮಿತಿ ಕಿಲೋಗೆ ಕಬ್ಬಿಣ 5 ಮಿಲಿಗ್ರಾಂ, ತಾಮ್ರ ಬರೀ 0.4 ಮಿಲಿಗ್ರಾಂ. ಲೋಹ ಏನು ಮಾಡುತ್ತದೆಂದರೆ, ಕೊಬ್ಬಿನಾಮ್ಲಕ್ಕೆ ಆಮ್ಲಜನಕ ಸೇರಿ ಮೊದಲು ಹುಟ್ಟಿದ ವಾಸನೆಯಿಲ್ಲದ ಪರಾಕ್ಸೈಡನ್ನು ಒಡೆದು ಹೊಸ ಹೊಸ ಕಿಡಿಗಳನ್ನು ಎಬ್ಬಿಸುತ್ತದೆ. ತೇವಕ್ಕೆ ಮಿತಿ ಶೇ. 0.2. ಮನೆಮಟ್ಟಿಗೆ ಇದನ್ನು ತಿಳಿಯಬೇಕಾದರೆ ಸೌಟಿನಲ್ಲಿ ಒಂದಿಷ್ಟು ಎಣ್ಣೆ ಕಾಯಿಸಿ ನೋಡಿ. ಚಿಟಪಟ ಸಿಡಿದರೆ ನೀರಿದೆ.

ಬಾಟಲಿಯ ಲೆಕ್ಕವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಬಹಳ ಮಂದಿ ಸೋಲುವುದು ಇಲ್ಲಿ. ಒಂದು ಲೀಟರ್ ಹಿಡಿಯುವ ಬಾಟಲಿಗೆ 950 ಮಿ.ಲೀ. ಎಣ್ಣೆ ತುಂಬಿದರೆ ಮೇಲೆ 50 ಮಿ.ಲೀ. ಗಾಳಿ. ಅದರಲ್ಲಿ ಆಮ್ಲಜನಕ ಸುಮಾರು 10 ಮಿ.ಲೀ. ಅಷ್ಟೂ ಎಣ್ಣೆಗೆ ಸೇರಿ ಪರಾಕ್ಸೈಡ್ ಆಯಿತೆಂದರೂ ಪರಾಕ್ಸೈಡ್ ಮೌಲ್ಯ (ಎಣ್ಣೆಯಲ್ಲಿ ಪರಾಕ್ಸೈಡ್ ಎಷ್ಟಿದೆ ಎಂದು ಹೇಳುವ ಅಂಕಿ) ಏರುವುದು 1ರಷ್ಟು. ಅದೇ ಬಾಟಲಿ ಅರ್ಧ ಖಾಲಿಯಾದಾಗ 500 ಮಿ.ಲೀ. ಗಾಳಿ, 105 ಮಿ.ಲೀ. ಆಮ್ಲಜನಕ, ಎದುರಿಗೆ ಬರೀ 460 ಗ್ರಾಂ ಎಣ್ಣೆ. ಅದು ಪೂರ್ತಿ ಸೇರಿದರೆ ಏರಿಕೆ 18ಕ್ಕೂ ಹೆಚ್ಚು. ನೇರವಾಗಿ ಹಿಂಡಿದ ಎಣ್ಣೆಗೆ ಕೋಡೆಕ್ಸ್ ಮಿತಿ 15. ಅಂದರೆ ಮುಚ್ಚಳ ಬಿಗಿಯಾಗಿ ಹಾಕಿಟ್ಟರೂ ಅರ್ಧ ಖಾಲಿ ಬಾಟಲಿಯೊಳಗಿನ ಗಾಳಿಯೇ ಎಣ್ಣೆಯನ್ನು ಮಿತಿ ದಾಟಿಸಲು ಸಾಕು. ಅದಕ್ಕೇ ಇಂಥ ಎಣ್ಣೆಯನ್ನು 200 ಅಥವಾ 250 ಮಿ.ಲೀ. ಬಾಟಲಿಯಲ್ಲಿ ಕೊಡಬೇಕು, ಲೀಟರ್ ಕ್ಯಾನಿನಲ್ಲಲ್ಲ. ಕಂದು ಗಾಜು ಅಥವಾ ಒಳಲೇಪವಿರುವ ತಗಡಿನ ಡಬ್ಬಿ ಆಗಬಹುದು. ಪ್ಲಾಸ್ಟಿಕ್ ಮೂಲಕ ಆಮ್ಲಜನಕ ನಿಧಾನವಾಗಿ ಒಳನುಸುಳುತ್ತಲೇ ಇರುತ್ತದೆ. ಮನೆಗೆ ದೊಡ್ಡ ಬಾಟಲಿ ಬಂದರೆ ಅದೇ ದಿನ ಸಣ್ಣ ಸಣ್ಣ ಬಾಟಲಿಗೆ ಕಂಠಮಟ್ಟ ತುಂಬಿ ಫ್ರಿಜ್ಜಿಗೆ ಸೇರಿಸಿ. ಶೇಂಗಾ ಎಣ್ಣೆ ಫ್ರಿಜ್ಜಿನಲ್ಲಿ ಮಬ್ಬಾಗುತ್ತದೆ, ಹೆಪ್ಪುಗಟ್ಟುತ್ತದೆ. ಅದು ಕೆಟ್ಟದ್ದಲ್ಲ, ಹೊರಗಿಟ್ಟರೆ ಮತ್ತೆ ತಿಳಿಯಾಗುತ್ತದೆ.

ಬೆರೆಸುವಾಗಲೂ ಗಾಳಿಯದೇ ಚಿಂತೆ. ಮಿಕ್ಸರ್ ಹಾಕಿ ನೊರೆ ಬರಿಸಬೇಡಿ, ಎತ್ತರದಿಂದ ಸುರಿಯಬೇಡಿ. ಶೇಂಗಾ ಎಣ್ಣೆಯ ಪಾತ್ರೆಯ ತಳಕ್ಕೆ ಪೈಪು ಇಳಿಸಿ ಅಗಸೆ ಎಣ್ಣೆಯನ್ನು ಕೆಳಗಿನಿಂದ ಬಿಡಿ, ನಿಧಾನವಾಗಿ ತಿರುವಿ. ಅಳತೆ ಲೀಟರಿನಲ್ಲಿ ಬೇಡ, ತೂಕದಲ್ಲಿ ಇರಲಿ. ಸಾರಜನಕದ ಸಿಲಿಂಡರ್ ಇದ್ದರೆ ಎಣ್ಣೆಯೊಳಗೆ ಹತ್ತು ನಿಮಿಷ ಗುಳ್ಳೆ ಹಾಯಿಸಿ, ಬಾಟಲಿಯ ತಲೆಗೂ ಒಂದು ಊದು ಕೊಟ್ಟು ಮುಚ್ಚಿ. ಕರಗಿದ ಗಾಳಿ ಹೊರಬೀಳುತ್ತದೆ. ಸಣ್ಣ ಘಟಕಕ್ಕೆ ಒಂದೇ ಒಂದು ಖರ್ಚು ಮಾಡುವ ಶಕ್ತಿ ಇದ್ದರೆ ಉತ್ಕರ್ಷಣರೋಧಕದ ಪುಡಿಗಿಂತ ಮೊದಲು ಈ ಸಿಲಿಂಡರನ್ನು ಕೊಳ್ಳಿ ಎನ್ನುತ್ತೇನೆ.

ಮಾರುವವರಿಗೆ ಕಾನೂನಿನ ಮಾತು ಚಿಕ್ಕದಾಗಿ: ನಮ್ಮಲ್ಲಿ ಬೆರಕೆ ಎಣ್ಣೆಯೆಂದರೆ ಎರಡೇ ಎಣ್ಣೆ, ಯಾವುದೂ ತೂಕದಲ್ಲಿ ಶೇ. 20ಕ್ಕಿಂತ ಕಡಿಮೆ ಇರಕೂಡದು, ಬಿಡಿಯಾಗಿ ಮಾರುವಂತಿಲ್ಲ. ಶೇ. 5 ಅಗಸೆ ಬೆರೆಸಿ ‘ಒಮೆಗಾ ಎಣ್ಣೆ’ ಎನ್ನಲಾಗದು.

ಉತ್ಕರ್ಷಣರೋಧಕಗಳ ಬಗ್ಗೆ ಜನರಿಗೆ ಅತಿ ನಂಬಿಕೆ. ವಿಟಮಿನ್-ಇ ಕ್ಯಾಪ್ಸೂಲ್ ಚುಚ್ಚಿ ಎಣ್ಣೆಗೆ ಹಿಂಡುವ ಉಪಾಯ ಎಲ್ಲೆಡೆ ಓಡಾಡುತ್ತಿದೆ. ಅಗಸೆ ಎಣ್ಣೆಯಲ್ಲಿ ವಿಟಮಿನ್-ಇಯದೇ ಒಂದು ರೂಪವಾದ ಗಾಮಾ ಟೋಕೋಫೆರಾಲ್ ತಾನಾಗಿಯೇ ಸಾಕಷ್ಟಿದೆ. ಎಣ್ಣೆ ಕಾಯುವುದರಲ್ಲಿ ಗಾಮಾ ರೂಪವೇ ಕ್ಯಾಪ್ಸೂಲಿನ ಆಲ್ಫಾ ರೂಪಕ್ಕಿಂತ ಮೇಲು. ಆಲ್ಫಾ ಅತಿಯಾದರೆ ಕಾಯುವ ಬದಲು ಉತ್ಕರ್ಷಣವನ್ನೇ ಚುರುಕುಗೊಳಿಸುವುದುಂಟು. ರೋಸ್‌ಮರಿ ಸಾರ, ಆಸ್ಕಾರ್ಬಿಲ್ ಪಾಲ್ಮಿಟೇಟ್ ಉಪಯೋಗಕ್ಕೆ ಬರುತ್ತವೆ. ಟಿಬಿಎಚ್‌ಕ್ಯೂ ಎಂಬ ಕೃತಕ ಉತ್ಕರ್ಷಣರೋಧಕ ಬಲವಾದದ್ದು, ಮಿತಿ ಕಿಲೋಗೆ 200 ಮಿಲಿಗ್ರಾಂ, ಆದರೆ ಗಾಣದ ಎಣ್ಣೆ ಹುಡುಕಿ ಬರುವವರಿಗೆ ಅದು ಬೇಡ. ಇವೆಲ್ಲವೂ ಪರಾಕ್ಸೈಡ್ ಹುಟ್ಟುವುದನ್ನು ಮುಂದೂಡುತ್ತವೆ ಅಷ್ಟೇ. ಆಗಲೇ ಕೆಟ್ಟದ್ದನ್ನು ಸರಿಮಾಡುವ ಪುಡಿ ಇಲ್ಲ. ಹಾಕುವುದಾದರೆ ಹಿಂಡಿದ ದಿನವೇ ಹಾಕಬೇಕು.

ಕೆಟ್ಟಿದೆಯೋ ಇಲ್ಲವೋ ತಿಳಿಯಲು ಪರಾಕ್ಸೈಡ್ ಮೌಲ್ಯದ ಪರೀಕ್ಷೆಯನ್ನು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲೂ ಮಾಡಬಹುದು. ಮುಚ್ಚಳವಿರುವ ಫ್ಲಾಸ್ಕಿನಲ್ಲಿ 5 ಗ್ರಾಂ ಎಣ್ಣೆ, ಅಸಿಟಿಕ್ ಆಮ್ಲ ಮತ್ತು ಕ್ಲೋರೋಫಾರ್ಮ್ 3:2ರ ಮಿಶ್ರಣ 30 ಮಿ.ಲೀ., ಆಗಷ್ಟೇ ಮಾಡಿದ ಪೊಟ್ಯಾಸಿಯಂ ಅಯೋಡೈಡಿನ ಪರ್ಯಾಪ್ತ ದ್ರಾವಣ ಅರ್ಧ ಮಿ.ಲೀ. ಹಾಕಿ. ಸರಿಯಾಗಿ ಒಂದು ನಿಮಿಷ ಕುಲುಕಿ, 30 ಮಿ.ಲೀ. ನೀರು ಬೆರೆಸಿ. ಬಿಡುಗಡೆಯಾದ ಅಯೋಡಿನ್ನನ್ನು 0.01 ನಾರ್ಮಲ್ ಸೋಡಿಯಂ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿ. ಹಳದಿ ತಿಳಿಯಾದಾಗ ಗಂಜಿಯ ದ್ರಾವಣ ಹಾಕಿ, ನೀಲಿ ಹೋಗುವ ತನಕ ಮುಂದುವರಿಸಿ, ಬಿಡದೆ ಕುಲುಕುತ್ತಿರಿ. ಎಣ್ಣೆ ಇಲ್ಲದೆ ಒಮ್ಮೆ ಇದನ್ನೇ ಮಾಡಿ ಆ ಅಳತೆಯನ್ನು ಕಳೆಯಿರಿ. ಉಳಿದ ಮಿ.ಲೀ.ಯನ್ನು 2ರಿಂದ ಗುಣಿಸಿದರೆ ಮೌಲ್ಯ ಸಿಕ್ಕಿತು: 7.5 ಮಿ.ಲೀ. ಬಂದರೆ 15. ಹಳೆಯ ಅಯೋಡೈಡ್ ದ್ರಾವಣ ಹಳದಿ ತಿರುಗಿದ್ದರೆ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ಕ್ಲೋರೋಫಾರ್ಮ್ ಇರುವುದರಿಂದ ಇದನ್ನು ಹೊಗೆಗೂಡಿನೊಳಗೇ ಮಾಡಬೇಕು, ಅಡುಗೆಮನೆಯಲ್ಲಲ್ಲ.

ಪರಾಕ್ಸೈಡ್ ಕಡಿಮೆ ಬಂತೆಂದು ಹಿಗ್ಗಲೂ ಬಾರದು. ಅದು ಏರಿ, ಆಮೇಲೆ ಇಳಿಯುತ್ತದೆ. ಪೂರ್ತಿ ಕಮಟಾದ ಹಳೆಯ ಎಣ್ಣೆಯಲ್ಲಿ ಪರಾಕ್ಸೈಡ್ ಒಡೆದು ಕಮಟು ವಾಸನೆಯ ಆಲ್ಡಿಹೈಡ್ ಆಗಿಹೋಗಿರುವುದರಿಂದ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆ ಆಲ್ಡಿಹೈಡುಗಳನ್ನು ಅಳೆಯಲು ಅನಿಸಿಡೀನ್ ಮೌಲ್ಯ ಬೇಕು. ಪರಾಕ್ಸೈಡ್ ಮೌಲ್ಯದ ಎರಡರಷ್ಟಕ್ಕೆ ಅನಿಸಿಡೀನ್ ಮೌಲ್ಯ ಕೂಡಿದರೆ ಅದು ಟೋಟಾಕ್ಸ್, ಎಣ್ಣೆ ಒಟ್ಟು ಎಷ್ಟು ಕೆಟ್ಟಿದೆ ಎಂಬುದರ ಅಂಕಿ. ಲ್ಯಾಬಿಗೆ ಕಳಿಸುವಾಗ ಎರಡನ್ನೂ ಕೇಳಿ.

ರ‍್ಯಾನ್ಸಿಮ್ಯಾಟ್ ಎಂಬ ಯಂತ್ರದ ವರದಿ ಹಿಡಿದು ‘ಆರು ತಿಂಗಳು ಕೆಡುವುದಿಲ್ಲ’ ಎಂದು ಮುದ್ರಿಸುವವರಿದ್ದಾರೆ. ಆ ಯಂತ್ರದಲ್ಲಿ 3 ಗ್ರಾಂ ಎಣ್ಣೆಯನ್ನು 110 ಡಿಗ್ರಿಯಷ್ಟು ಬಿಸಿಯಲ್ಲಿಟ್ಟು ಗಂಟೆಗೆ 20 ಲೀಟರ್ ಗಾಳಿ ಹಾಯಿಸುತ್ತಾರೆ. ಹೊರಬರುವ ಆಮ್ಲಗಳು ನೀರಿನ ವಿದ್ಯುತ್ ವಾಹಕತೆಯನ್ನು ದಿಢೀರನೆ ಏರಿಸುವ ತನಕ ಹಿಡಿದ ಗಂಟೆಗಳೇ ಉತ್ತರ. ಎರಡು ಎಣ್ಣೆಗಳನ್ನು ಹೋಲಿಸಲು ಇದು ಒಳ್ಳೆಯದು, ದಿನ ಎಣಿಸಲು ಅಲ್ಲ. 5 ಗಂಟೆ ಬಂತೆನ್ನಿ. ಪ್ರತಿ 10 ಡಿಗ್ರಿ ಇಳಿದಾಗ ಬಾಳಿಕೆ ಎರಡು ಪಟ್ಟು ಎಂದು ಹಿಡಿದರೆ 30 ಡಿಗ್ರಿಗೆ 1280 ಗಂಟೆ, 53 ದಿನ. ಎರಡರ ಬದಲು 2.2 ಪಟ್ಟು ಎಂದು ಹಿಡಿದರೆ 114 ದಿನ. ಊಹೆಯಲ್ಲಿ ಅಷ್ಟೇ ಅಷ್ಟು ಬದಲಾದರೂ ಉತ್ತರ ಇಮ್ಮಡಿ. ಸಾಲದ್ದಕ್ಕೆ, ಅಗಸೆಯ ಕೆಟ್ಟ ವಾಸನೆ ಯಂತ್ರ ಹೇಳುವ ಗಡುವಿಗಿಂತ ಎಷ್ಟೋ ಮೊದಲೇ ಮೂಗಿಗೆ ಬಡಿಯುತ್ತದೆ. ನನಗೆ ಹೆಚ್ಚು ನಂಬಿಕೆ ಇರುವುದು ಓವನ್ ಪರೀಕ್ಷೆಯಲ್ಲಿ: 50 ಗ್ರಾಂ ಎಣ್ಣೆಯನ್ನು ಗಾಜಿನ ಬೀಕರಿನಲ್ಲಿ 60 ಡಿಗ್ರಿಗೆ, ಕತ್ತಲೆಯಲ್ಲಿ ಇಟ್ಟು ದಿನಾ ಒಂದೇ ಹೊತ್ತಿಗೆ ಮೂಸಿ, ಎರಡು ದಿನಕ್ಕೊಮ್ಮೆ ಪರಾಕ್ಸೈಡ್ ಅಳೆಯುವುದು. ಪಕ್ಕದಲ್ಲಿ ಏನೂ ಬೆರೆಸದ ಶೇಂಗಾ ಎಣ್ಣೆಯನ್ನೂ ಇಟ್ಟಿರಬೇಕು, ಹೋಲಿಕೆಗೆ.

ಮೂಗಿಗೆ ಏನು ತಿಳಿಯಬೇಕು? ಲಿನೋಲೀಯಿಕ್ ಒಡೆದರೆ ಹೆಕ್ಸನಾಲ್, ಹಸಿಹುಲ್ಲಿನ ವಾಸನೆ. ಅಗಸೆಯ ಒಮೆಗಾ-3 ಒಡೆದರೆ ಹೊಸದಾಗಿ ಪೇಂಟು ಬಳಿದ ಬಾಗಿಲಿನ ವಾಸನೆ, ಕೆಲವೊಮ್ಮೆ ಮೀನಿನದು. ಬರೀ ಕಹಿ ಇದ್ದು ವಾಸನೆ ಇಲ್ಲದಿದ್ದರೆ ಅದು ಬೇರೆ ಕಥೆ. ಅಗಸೆಯಲ್ಲಿರುವ ಸೈಕ್ಲೋಲಿನೋಪೆಪ್ಟೈಡ್ ಎಂಬ ಸಣ್ಣ ಪ್ರೋಟೀನು ತಾನೇ ಉತ್ಕರ್ಷಣಗೊಂಡು ಕಹಿಯಾಗುತ್ತದೆ. ಎಣ್ಣೆ ಇನ್ನೂ ಕಮಟಾಗಿರಲಿಕ್ಕಿಲ್ಲ, ಆದರೂ ಹಿಂಡಿ ದಿನವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಹಾರ್ಡ್‌ವೇರ್ ಅಂಗಡಿಯ ‘ಬಾಯಿಲ್ಡ್’ ಲಿನ್‌ಸೀಡ್ ಆಯಿಲನ್ನು ಮಾತ್ರ ಎಂದೂ ಬಾಯಿಗೆ ತರಬೇಡಿ. ಬೇಗ ಒಣಗಲೆಂದು ಅದಕ್ಕೆ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣ ಬೆರೆಸಿರುತ್ತಾರೆ.

ಇಷ್ಟೆಲ್ಲ ಕಾಪಾಡಿದ ಎಣ್ಣೆಯನ್ನು ಬಜ್ಜಿ ಕರಿಯಲು ಬಾಣಲೆಗೆ ಸುರಿದರೆ ಮಾಡಿದ್ದೆಲ್ಲ ಹೋಯಿತು. 180 ಡಿಗ್ರಿಯಲ್ಲಿ ಒಮೆಗಾ-3 ಬೇಗ ಒಡೆದು ಆಲ್ಡಿಹೈಡುಗಳನ್ನು ಬಿಡುತ್ತದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಕಾದ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳು) ಶೇ. 25 ದಾಟಿದರೆ ಅದನ್ನು ಮತ್ತೆ ಬಳಸುವಂತಿಲ್ಲ ಎಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈ 1ರಿಂದ ಇದೆ. ಬೆರೆಸಿದ ಎಣ್ಣೆ ಆ ಗೆರೆಯನ್ನು ಬೇಗ ಮುಟ್ಟುತ್ತದೆ. ಕರಿಯಲು ಬರೀ ಶೇಂಗಾ ಇರಲಿ. ಅಗಸೆ ಬೆರೆಸಿದ್ದನ್ನು ಹಸಿಯಾಗಿಯೇ ತಿನ್ನಬೇಕು: ಕೋಸಂಬರಿಗೆ, ಪಚಡಿಗೆ, ಬಿಸಿ ರೊಟ್ಟಿಯ ಜೊತೆ ಚಟ್ನಿಪುಡಿಗೆ ಕಲಸಿಕೊಳ್ಳಲು. ಉತ್ತರ ಕರ್ನಾಟಕದ ಮನೆಗಳಲ್ಲಿ ಪುಡಿಯ ಮೇಲೆ ಹಸಿ ಎಣ್ಣೆ ಹಾಕಿಕೊಂಡು ಉಣ್ಣುವ ರೂಢಿ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಫ್ರಿಜ್ಜು, ಕಂದು ಬಾಟಲಿ ಯಾವುದೂ ಕೈಗೂಡದ ಮನೆಗೆ ಎಣ್ಣೆಯೇ ಬೇಡ, ಅಗಸಿ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ ಸಾಕು. ಇಡೀ ಕಾಳು ಡಬ್ಬಿಯಲ್ಲಿರಲಿ. ವಾರಕ್ಕಾಗುವಷ್ಟನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿದು, ಆರಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುಣಸೆ ಸೇರಿಸಿ ಕುಟ್ಟಿ. ಎರಡು ದೊಡ್ಡ ಚಮಚ ಪುಡಿಯಲ್ಲಿ ಸಿಗುವ ಒಮೆಗಾ-3, ಬೆರೆಸಿದ ಎಣ್ಣೆಯ ಒಂದು ದೊಡ್ಡ ಚಮಚಕ್ಕೇನೂ ಕಡಿಮೆಯಲ್ಲ.